ಮಳೆಗಾಲಕ್ಕೆ ಮುಂಚೆ ಮರಿ: ಶಿರಸಿ ಸೀಮೆಯಲ್ಲಿ ರೇಸ್ ಕುದುರೆಯ ಬಸಿರು, ಬಾಣಂತನ

ಶಿರಸಿ ಪೇಟೆಯಲ್ಲಿ ನಿಂತು ‘ರೇಸ್ ಕುದುರೆ ಮರಿ ಮಾಡಿಸ್ತಾ ಇದ್ದೇನೆ’ ಅಂದರೆ ಕೇಳಿದವರು ನಿಮ್ಮನ್ನು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ಅಡಕೆ ದುಡ್ಡು ತಲೆಗೆ ಏರಿದೆ ಅನ್ನುವ ನೋಟ ಅದು. ಅವರ ಅನುಮಾನ ಪೂರ್ತಿ ತಪ್ಪೂ ಅಲ್ಲ. ಓಟದ ಕುದುರೆ ತಳಿ ಮಾಡುವ ದೊಡ್ಡ ಫಾರ್ಮುಗಳು ಬೆಳೆದದ್ದು ಮಳೆ ಕಡಿಮೆ ಇರುವ ಸೀಮೆಗಳಲ್ಲಿ. ಪುಣೆ ಸುತ್ತಮುತ್ತ, ಪಂಜಾಬಿನಲ್ಲಿ, ನಮ್ಮ ರಾಜ್ಯದಲ್ಲಾದರೆ ಟಿಪ್ಪು ಕಾಲದಿಂದ ಕುದುರೆಗೆ ಹೆಸರಾದ ಕುಣಿಗಲ್ಲಿನಲ್ಲಿ. ವಿಜಯನಗರದ ಅರಸರಿಗೆ ಅರಬ್ಬಿ ಕುದುರೆಗಳು ಹಡಗಿನಲ್ಲಿ ಬಂದಿಳಿದದ್ದು ನಮ್ಮ ಭಟ್ಕಳ, ಹೊನ್ನಾವರದ ಬಂದರಿಗೇ. ಆದರೆ ಇಳಿದ ಕುದುರೆ ಇಲ್ಲಿ ನಿಲ್ಲಲಿಲ್ಲ, ಘಟ್ಟ ಹತ್ತಿ ಹೋಯಿತು. ಮಳೆ, ಕೆಸರು, ಉಣುಗು, ನೊಣ, ಬೂಸಲು. ಕುದುರೆಗೆ ಆಗದ್ದೆಲ್ಲ ನಮ್ಮಲ್ಲಿ ಧಾರಾಳ.

ಹಾಗಂತ ಆಗದ ಕೆಲಸವಲ್ಲ. ರೇಸಿನಿಂದ ನಿವೃತ್ತಿಯಾದ ಒಂದೆರಡು ಹೆಣ್ಣು ಕುದುರೆ ಇಟ್ಟುಕೊಂಡು, ವರ್ಷಕ್ಕೊಂದು ಮರಿ ನೋಡುವ ಆಸೆ ಇರುವವರಿಗೆ ಈ ಬರಹ. ಬಯಲುಸೀಮೆಯ ಸ್ಟಡ್ ಫಾರ್ಮಿನಲ್ಲಿ ಕಲಿತ ಕೆಲಸವನ್ನು ಘಟ್ಟದ ಮೇಲೆ ತಂದು ಮಾಡಿದವನಾಗಿ ಹೇಳುತ್ತೇನೆ: ಮರಿ ಹುಟ್ಟುವ ರಾತ್ರಿಗಿಂತ ಮರಿ ಹುಟ್ಟುವ ತಿಂಗಳು ಮುಖ್ಯ. ತಿಂಗಳು ಸರಿ ಆಯ್ದುಕೊಂಡರೆ ಅರ್ಧ ತೊಂದರೆ ನಿಮ್ಮ ಅಂಗಳಕ್ಕೆ ಬರುವುದೇ ಇಲ್ಲ.

ಕುದುರೆ ತರುವ ಮುಂಚೆ

ರೇಸಿನಲ್ಲಿ ಓಡುವುದು ಥರೋಬ್ರೆಡ್ ತಳಿ. ಮರಿ ಮುಂದೆ ಓಡಬೇಕು ಅಂದರೆ ತಾಯಿ, ತಂದೆ ಎರಡೂ ನೋಂದಾಯಿತ ಥರೋಬ್ರೆಡ್ ಆಗಿರಬೇಕು. ನಮ್ಮ ದೇಶದಲ್ಲಿ ಈ ನೋಂದಣಿಯ ಲೆಕ್ಕ ಇಡುವುದು ಪುಣೆಯಲ್ಲಿರುವ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾ. ಕುದುರೆಯ ಜೊತೆ ಕಾಗದಪತ್ರ ಬಾರದಿದ್ದರೆ, ಅದು ಎಷ್ಟೇ ಚೆಂದ ಇರಲಿ, ಅದರ ಮರಿ ಬೀಚಿನಲ್ಲಿ ಸವಾರಿ ಕೊಡಲಷ್ಟೇ ಸೈ.

ಇನ್ನೊಂದು ವಿಷಯ ಹೈನುಗಾರಿಕೆ ಮಾಡಿದವರಿಗೆ ವಿಚಿತ್ರ ಅನಿಸುತ್ತದೆ. ಹಸುವಿಗೆ ಡಾಕ್ಟರು ಬಂದು ಸೂಜಿ ಕೊಟ್ಟು ಹೋದಂತೆ ಇಲ್ಲಿ ಆಗುವುದಿಲ್ಲ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಥರೋಬ್ರೆಡ್ ಮರಿಯನ್ನು ಜಗತ್ತಿನ ಯಾವ ಸ್ಟಡ್ ಬುಕ್ಕೂ ಸೇರಿಸಿಕೊಳ್ಳುವುದಿಲ್ಲ. ಗಂಡು ಹೆಣ್ಣು ಕೂಡಲೇಬೇಕು. ಅಂದರೆ ನಿಮ್ಮ ಕುದುರೆಯನ್ನು ಲಾರಿ ಹತ್ತಿಸಿ, ಗಂಡು ಕುದುರೆ ಇರುವ ಫಾರ್ಮಿಗೆ ಕಳಿಸಬೇಕು. ಒಂದೆರಡು ಹೆಣ್ಣು ಕುದುರೆಗಾಗಿ ಮನೆಯಲ್ಲೇ ಸ್ಟಾಲಿಯನ್ ಸಾಕುವ ಯೋಚನೆ ಬಿಟ್ಟುಬಿಡಿ. ಅದನ್ನು ಹಿಡಿಯುವ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಸಿಗುವುದೇ ಕಷ್ಟ.

ಕೊಳ್ಳುವಾಗ ಮೂರು ಕಡೆ ಕಣ್ಣಿಡಿ. ಗ್ಲಾಂಡರ್ಸ್ ರೋಗದ ಪರೀಕ್ಷೆ ನೆಗೆಟಿವ್ ಇರಬೇಕು. ಅದು ಕುದುರೆಯಿಂದ ಮನುಷ್ಯರಿಗೂ ಹರಡುವ ರೋಗ, ಲಸಿಕೆ ಇಲ್ಲ, ಬಂದರೆ ಸರ್ಕಾರಕ್ಕೆ ತಿಳಿಸಲೇಬೇಕು. ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಈ ಪರೀಕ್ಷೆ ಆಗುತ್ತದೆ; ನಿಮ್ಮ ಪಶುವೈದ್ಯರು ರಕ್ತದ ಮಾದರಿ ಕಳಿಸುವ ದಾರಿ ಹೇಳುತ್ತಾರೆ. ಎರಡನೆಯದು ಗರ್ಭಕೋಶದ ತಪಾಸಣೆ. ಹಿಂದೆ ಎಷ್ಟು ಮರಿ ಹಾಕಿದೆ, ಯಾವ ವರ್ಷ ಖಾಲಿ ಹೋಗಿದೆ, ಕೇಳಿ. ಮೂರನೆಯದು ಸ್ವಭಾವ. ಕಿವಿ ಹಿಂದಕ್ಕೆ ಹಾಕಿ ಹಲ್ಲು ತೋರಿಸುವ ಕುದುರೆಯ ಹತ್ತಿರ ನಡುರಾತ್ರಿ ಟಾರ್ಚ್ ಹಿಡಿದು ಕೂರುವುದು ನೀವೇ, ನೆನಪಿರಲಿ.

ದಿನದ ಲೆಕ್ಕ

ಕುದುರೆಯ ಗಬ್ಬ ಸುಮಾರು 340 ದಿನ. 320ಕ್ಕೂ ಹಾಕಬಹುದು, 365 ದಾಟಿಸಲೂಬಹುದು. ಡಾಕ್ಟರು ಬರೆದುಕೊಟ್ಟ ತಾರೀಕನ್ನು ಅದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ನಮ್ಮ ದೇಶದ ರೇಸಿನ ಲೋಕದಲ್ಲಿ ಎಲ್ಲ ಕುದುರೆಗಳ ಹುಟ್ಟುಹಬ್ಬವೂ ಜನವರಿ 1. ಡಿಸೆಂಬರ್ 30ಕ್ಕೆ ಹುಟ್ಟಿದ ಮರಿಗೆ ಎರಡು ದಿನ ಕಳೆಯುವಷ್ಟರಲ್ಲಿ ಒಂದು ವರ್ಷ ತುಂಬಿಬಿಡುತ್ತದೆ. ಮುಂದೆ ಅದು ತನಗಿಂತ ಹತ್ತು-ಹನ್ನೊಂದು ತಿಂಗಳು ದೊಡ್ಡವರ ಜೊತೆ ಓಡಬೇಕು. ಹಾಗಾಗಿ ಮರಿ ಜನವರಿ 1 ದಾಟಿಯೇ ಹುಟ್ಟಬೇಕು, ಆದರೆ ದಾಟಿದ ಮೇಲೆ ಎಷ್ಟು ಬೇಗ ಹುಟ್ಟಿದರೆ ಅಷ್ಟು ಒಳ್ಳೆಯದು.

ನಮಗೆ ಇದು ಹೇಳಿ ಮಾಡಿಸಿದಂತಿದೆ. ಜನವರಿ, ಫೆಬ್ರವರಿ ಅಂದರೆ ನೆಲ ಒಣಗಿದ ಕಾಲ. ನೊಣ, ಸೊಳ್ಳೆ ಕಡಿಮೆ. ಭತ್ತ ಕೊಯ್ದು ಹೊಸ ಹುಲ್ಲು ಬಣವೆಯಲ್ಲಿರುತ್ತದೆ. ಜೂನಿನಲ್ಲಿ ಮಳೆ ಹಿಡಿಯುವಷ್ಟರಲ್ಲಿ ಮರಿಗೆ ನಾಲ್ಕೈದು ತಿಂಗಳಾಗಿ, ಮೈ ಕೈ ತುಂಬಿರುತ್ತದೆ. ಅದೇ ಮೇ ಕೊನೆಗೆ ಹುಟ್ಟಿದ ಮರಿ ನೋಡಿ. ಎಳೆ ಗೊರಸು ಕೆಸರಿನಲ್ಲಿ, ಎಳೆ ಹೊಕ್ಕುಳು ಒದ್ದೆ ಹಾಸಿಗೆಯಲ್ಲಿ.

ಫೆಬ್ರವರಿ 15ರ ಮೇಲೆ ಕೂಡಿಸಿದರೆ, 320 ದಿನಕ್ಕೇ ಹಾಕಿದರೂ ಜನವರಿ 1 ಆಗಿರುತ್ತದೆ. ಸಾಮಾನ್ಯ ಲೆಕ್ಕದಲ್ಲಿ ಜನವರಿ ಮೂರನೇ ವಾರ. ನಾನು ಹೇಳುವುದು, ಫೆಬ್ರವರಿ ನಡುವಿನಿಂದ ಮಾರ್ಚ್ ಕೊನೆಯೊಳಗೆ ಕೆಲಸ ಮುಗಿಸಿ. ಏಪ್ರಿಲಿಗೂ ಗಬ್ಬ ನಿಲ್ಲದಿದ್ದರೆ ಆ ವರ್ಷ ಬಿಟ್ಟುಬಿಡಿ. ಫಾರ್ಮಿನವರು ‘ಇನ್ನೊಂದು ಬೆದೆ ನೋಡೋಣ’ ಅನ್ನುತ್ತಾರೆ. ಅವರ ಊರಿನಲ್ಲಿ ಅದು ಸರಿ, ನಮ್ಮಲ್ಲಿ ಅಲ್ಲ.

ಕುದುರೆ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಐದಾರು ದಿನ ಬೆದೆಯಲ್ಲಿರುತ್ತದೆ. ಹಗಲು ಉದ್ದವಾದಷ್ಟೂ ಬೆದೆ ಸರಿಯಾಗಿ ಬರುವುದು ಅದರ ಹುಟ್ಟುಗುಣ. ಅದಕ್ಕೇ ಫಾರ್ಮುಗಳಲ್ಲಿ ಡಿಸೆಂಬರಿನಿಂದಲೇ ಲಾಯದಲ್ಲಿ ದೀಪ ಉರಿಸಿ, ಹಗಲು ದೀಪ ಸೇರಿ ದಿನಕ್ಕೆ 16 ಗಂಟೆ ಬೆಳಕು ಸಿಗುವಂತೆ ಮಾಡುತ್ತಾರೆ. ಎರಡು ತಿಂಗಳು ಹೀಗೆ ಮಾಡಿದರೆ ಫೆಬ್ರವರಿ ಬೆದೆ ಗಟ್ಟಿಯಾಗಿ ಬರುತ್ತದೆ. ಮನೆಯಲ್ಲೂ ಇದನ್ನು ಮಾಡಬಹುದು, ಕರೆಂಟ್ ಇದ್ದರೆ!

ಕೂಡಿಸಿದ ಮೇಲೆ ಕುದುರೆಯನ್ನು ತಕ್ಷಣ ವಾಪಸ್ ತರಬೇಡಿ. 14ರಿಂದ 16ನೇ ದಿನಕ್ಕೆ ಒಂದು ಸ್ಕ್ಯಾನ್ ಆಗಲೇಬೇಕು. ಗಬ್ಬ ನಿಂತಿದೆಯಾ ಅನ್ನುವುದಕ್ಕಿಂತ ಅವಳಿ ಇದೆಯಾ ಅಂತ ನೋಡಲು. ಕುದುರೆಯ ಗರ್ಭಕೋಶ ಎರಡು ಮರಿ ಹೊರುವಂಥದ್ದಲ್ಲ. ಅವಳಿ ಬಿಟ್ಟರೆ ಹೆಚ್ಚಿನ ಸಲ ಎರಡೂ ಹೋಗುತ್ತವೆ, ತಾಯಿಗೂ ಕಂಟಕ. ಆ ಹೊತ್ತಿನಲ್ಲಿ ಗೊತ್ತಾದರೆ ಡಾಕ್ಟರು ಒಂದನ್ನು ಅಲ್ಲೇ ತೆಗೆದು ಇನ್ನೊಂದನ್ನು ಉಳಿಸುತ್ತಾರೆ. 28ನೇ ದಿನದ ಹೊತ್ತಿಗೆ ಮರಿಯ ಎದೆಬಡಿತ ಸ್ಕ್ಯಾನಿನಲ್ಲಿ ಮಿನುಗುತ್ತದೆ. 45 ದಿನ ಕಳೆದು, ಇನ್ನೊಮ್ಮೆ ನೋಡಿ, ಆಮೇಲೆ ಊರಿಗೆ ಕರೆದುಕೊಂಡು ಬನ್ನಿ. ಹಗಲು ಹೊತ್ತಿನಲ್ಲಿ, ನಿಧಾನಕ್ಕೆ.

ಮೇವು: ಹಸುವಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ

ನಮ್ಮಲ್ಲಿ ಕುದುರೆ ಹಾಳಾಗುವುದು ಪ್ರೀತಿಯಿಂದ ಹಾಕಿದ ಮೇವಿನಿಂದಲೇ. ಕೊಟ್ಟಿಗೆಯಲ್ಲಿ ಏನಿದೆಯೋ ಅದನ್ನೇ ಕುದುರೆಗೂ ಹಾಕುತ್ತೇವಲ್ಲ, ಅಲ್ಲೇ ಎಡವಟ್ಟು.

ನೇಪಿಯರ್, ಗಿನಿ ಹುಲ್ಲು ಮಳೆ ನಾಡಿನಲ್ಲಿ ಸೊಂಪಾಗಿ ಬೆಳೆಯುತ್ತವೆ. ಹಸು ತಿಂದರೆ ಹಾಲು. ಕುದುರೆ ಅದನ್ನೇ ತಿಂಗಳುಗಟ್ಟಲೆ ತಿಂದರೆ ಮೂಳೆ ಸವೆತ. ಈ ಹುಲ್ಲುಗಳಲ್ಲಿ ಆಕ್ಸಲೇಟ್ ಜಾಸ್ತಿ. ಅದು ಮೇವಿನಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದು ಮೈಗೆ ಹತ್ತದಂತೆ ಮಾಡುತ್ತದೆ. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಮೊದಲೇ ಒಡೆದುಹಾಕುತ್ತವೆ, ಕುದುರೆಗೆ ಆ ಅನುಕೂಲ ಇಲ್ಲ. ಅದರ ಮೇಲೆ ದಿನಾ ಎರಡು ಸೇರು ಅಕ್ಕಿ ತೌಡು ಹಾಕಿದರೆ ಕೇಳುವುದೇ ಬೇಡ. ತೌಡಿನ ತುಂಬ ರಂಜಕ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೈಯಲ್ಲಿ ಕ್ಯಾಲ್ಸಿಯಂ ಸಾಲದೆ ಕುದುರೆ ತನ್ನ ಮೂಳೆಯಿಂದಲೇ ತೆಗೆದುಕೊಳ್ಳುತ್ತದೆ. ಮುಖದ ಎರಡೂ ಪಕ್ಕ, ದವಡೆಯ ಮೇಲೆ ಊದಿಕೊಂಡಂತೆ ಕಾಣುತ್ತದೆ. ಕಾರಣ ಕಾಣದ ಕುಂಟು ಬರುತ್ತದೆ. ಹೊಟ್ಟೆಯಲ್ಲಿ ಮರಿ ಬೇರೆ ಇದ್ದರೆ ಸಾಲ ಎರಡು ಪಾಲು.

ಹಾಗಾದರೆ ಏನು ಹಾಕಬೇಕು? ದಿನದ ಒಟ್ಟು ಒಣಮೇವು ಕುದುರೆಯ ತೂಕದ ನೂರಕ್ಕೆ ಎರಡು ಪಾಲು. 500 ಕಿಲೋ ಕುದುರೆಗೆ 10 ಕಿಲೋ. ಇದರಲ್ಲಿ ಹೆಚ್ಚಿನದು ಒಳ್ಳೆಯ ಒಣಹುಲ್ಲು. ಬಯಲುಸೀಮೆಯಿಂದ ಲೂಸರ್ನ್, ಅಂದರೆ ಕುದುರೆ ಮಸಾಲೆ ಸೊಪ್ಪನ್ನು ಒಣಗಿಸಿದ್ದು ತರಿಸಿಕೊಂಡರೆ ಕ್ಯಾಲ್ಸಿಯಂ ಚಿಂತೆ ಅರ್ಧ ಮುಗಿಯಿತು. ಉಳಿದದ್ದು ಓಟ್ಸ್, ನೆನೆಸಿದ ಅಥವಾ ಬೇಯಿಸಿದ ಹುರುಳಿ ಹದವಾಗಿ, ಉಪ್ಪಿನ ಗಡ್ಡೆ, ಡಾಕ್ಟರು ಹೇಳಿದಷ್ಟು ಖನಿಜ ಮಿಶ್ರಣ. ಕೊನೆಯ ಮೂರು ತಿಂಗಳಲ್ಲಿ ಮರಿಯ ತೂಕದ ಅರ್ಧಕ್ಕಿಂತ ಹೆಚ್ಚು ಸೇರುತ್ತದೆ. ಕಾಳು ಏರಿಸುವುದು ಆಗ, ಅದೂ ಸ್ವಲ್ಪ ಸ್ವಲ್ಪ. ಅದಕ್ಕೆ ಮುಂಚೆ ‘ಪಾಪ, ಬಸುರಿ’ ಅಂತ ತಿನ್ನಿಸಿ ದಪ್ಪ ಮಾಡಬೇಡಿ.

ಹಸುವಿನ ಪಶು ಆಹಾರದ ಚೀಲವನ್ನು ಕುದುರೆಯ ಹತ್ತಿರ ತರಲೇಬೇಡಿ. ಕೆಲವದರಲ್ಲಿ ಯೂರಿಯಾ ಇರುತ್ತದೆ. ದನ ಮತ್ತು ಕೋಳಿ ಆಹಾರಕ್ಕೆ ಸೇರಿಸುವ ಮೊನೆನ್ಸಿನ್ ಅನ್ನುವ ಔಷಧ ಇದ್ದರಂತೂ ಸ್ವಲ್ಪವೇ ಸಾಕು, ಕುದುರೆಯ ಹೃದಯದ ಮಾಂಸವನ್ನೇ ಹಾಳುಮಾಡಿ ಕೊಲ್ಲುತ್ತದೆ. ಬೂಸಲು ಹಿಡಿದ ಹುಲ್ಲೂ ಬೇಡ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು, ಇಲ್ಲವೆಂದರೆ ಹೊಟ್ಟೆನೋವು. ಅಡಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ತೋಟದ ಹುಲ್ಲು ಹಸಿಯಾಗಿ ಕೊಯ್ದು ಹಾಕುವುದೂ ಬೇಡ. ಅಂಗಳದ ಬೇಲಿಯಲ್ಲಿ ಕಣಗಿಲೆ ಇದ್ದರೆ ಇವತ್ತೇ ಕಿತ್ತುಹಾಕಿ. ಒಂದು ಹಿಡಿ ಎಲೆ ಸಾಕು, ಕುದುರೆ ಉಳಿಯುವುದಿಲ್ಲ.

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಬೇರೆ ತಲೆನೋವಿದೆ. ಮರಳು ನೆಲದ ಮೇಲೆ ಮೇವು ಚೆಲ್ಲಿದರೆ ಕುದುರೆ ಹುಲ್ಲಿನ ಜೊತೆ ಮರಳನ್ನೂ ನುಂಗುತ್ತದೆ. ಅದು ಕರುಳಿನಲ್ಲಿ ಕೂತು ಗಟ್ಟಿಯಾಗುತ್ತದೆ. ಪರೀಕ್ಷೆ ಮಾಡುವುದು ಸುಲಭ: ನೆಲಕ್ಕೆ ತಾಗದ ನಾಲ್ಕೈದು ಲದ್ದಿ ಉಂಡೆಯನ್ನು ನೀರಿನಲ್ಲಿ ಕದಡಿ, ಪಾರದರ್ಶಕ ಬಾಟಲಿಯಲ್ಲಿ ಅರ್ಧ ಗಂಟೆ ಇಡಿ. ತಳದಲ್ಲಿ ಮರಳು ಕೂತರೆ ಮೇವಿನ ತೊಟ್ಟಿ ಮಾಡಿಸಿ, ಡಾಕ್ಟರಿಗೆ ಹೇಳಿ.

ಬಾಣಂತಿ ಕೋಣೆ

ಡಿಸೆಂಬರ್ ಮೊದಲ ವಾರದಲ್ಲಿ ಜಾಗ ಸಿದ್ಧವಾಗಬೇಕು. ಯಾಕೆಂದರೆ ಮರಿ ಹಾಕುವ ಜಾಗದಲ್ಲೇ ಕುದುರೆ ಕೊನೆಯ ಒಂದು ತಿಂಗಳಾದರೂ ಇರಬೇಕು. ಆ ನೆಲದ, ಆ ಗಾಳಿಯ ರೋಗಾಣುಗಳಿಗೆ ತಾಯಿಯ ಮೈ ಪ್ರತಿರೋಧ ಬೆಳೆಸಿಕೊಳ್ಳುತ್ತದೆ, ಗಿಣ್ಣುಹಾಲಿನ ಮೂಲಕ ಅದನ್ನು ಮರಿಗೆ ಕೊಡುತ್ತದೆ. ಕೊನೇ ವಾರ ಲಾರಿ ಹತ್ತಿಸಿ ತಂದರೆ ಈ ಲಾಭ ಹೋಯಿತು.

ಕೋಣೆ 14 ಅಡಿ ಉದ್ದ, 14 ಅಡಿ ಅಗಲಕ್ಕೆ ಕಡಿಮೆ ಬೇಡ. ಚಿರೆಕಲ್ಲಿನ ಗೋಡೆಯಾದರೆ ಒಳಗೆ ಗಾರೆ ಮಾಡಿಸಿ, ಸುಣ್ಣ ಬಳಿಯಿರಿ. ಮೊಳೆ, ಚೂಪು ಮೂಲೆ, ಹಗ್ಗದ ಕುಣಿಕೆ ಏನೂ ಇರಬಾರದು. ಹಾಸಿಗೆಗೆ ಬೆಟ್ಟದ ಸೊಪ್ಪು, ದರಕು (ಒಣಗಿದ ಎಲೆ) ಬೇಡ. ದನಕ್ಕೆ ಅದು ಗೊಬ್ಬರದ ಆಸೆಗೆ ಹಾಕುತ್ತೇವೆ. ಇಲ್ಲಿ ಅದರ ಜೊತೆ ಉಣುಗು, ಬೂಸಲು, ಮುಳ್ಳು ಎಲ್ಲ ಬರುತ್ತದೆ. ಮರದ ಹೊಟ್ಟು ಒದ್ದೆ ಮರಿಯ ಮೂಗಿಗೆ, ಹೊಕ್ಕುಳಿಗೆ ಮೆತ್ತಿಕೊಳ್ಳುತ್ತದೆ. ಒಣಗಿದ, ಧೂಳಿಲ್ಲದ ಭತ್ತದ ಹುಲ್ಲನ್ನು ಮೊಣಕಾಲು ಮುಟ್ಟುವಷ್ಟು ಹಾಸಿ. ರಾತ್ರಿ ಬಾಗಿಲು ಭದ್ರವಿರಲಿ. ಕಾಡಂಚಿನ ಮನೆಯಾದರೆ ಚಿರತೆಯ ಮಾತು ನಿಮಗೆ ಹೊಸದಲ್ಲ.

ಪಕ್ಕದಲ್ಲೊಂದು ಬಕೆಟ್ಟಿನಲ್ಲಿ ಇವಿಷ್ಟು ಇಡಿ: ಒಗೆದ ಟವೆಲ್ಲುಗಳು, ಬಾಲ ಸುತ್ತಲು ಹಳೇ ಕಾಟನ್ ಬಟ್ಟೆ, ಹೊಕ್ಕುಳಿಗೆ ಕ್ಲೋರ್‌ಹೆಕ್ಸಿಡಿನ್ ದ್ರಾವಣ, ಮೊಂಡು ತುದಿಯ ಕತ್ತರಿ, ಕೈಗವಸು, ಎನಿಮಾ, ಸೋಪು, ತಲೆಗೆ ಕಟ್ಟುವ ಟಾರ್ಚು, ಗಡಿಯಾರ, ಪೆನ್ನು, ಪುಸ್ತಕ. ಅಂಗಳದಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಹಗಲಲ್ಲೇ ನೋಡಿಟ್ಟುಕೊಳ್ಳಿ. ಹಲಸಿನ ಮರದ ಬುಡದಲ್ಲಿ ಮಾತ್ರ ಸಿಗ್ನಲ್ ಬರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಡಾಕ್ಟರ ಹತ್ತಿರ ಮುಂಚೆಯೇ ಮಾತಾಡಿ. ತಾಲೂಕಿನ ಪಶುವೈದ್ಯರಿಗೆ ಹಸು, ಎಮ್ಮೆ ಅಂಗೈ ಗೆರೆಯಷ್ಟು ಗೊತ್ತು. ಕುದುರೆ ಅಪರೂಪ. ಕುದುರೆ ಬಲ್ಲ ಡಾಕ್ಟರ ಫೋನ್ ನಂಬರನ್ನು ಅವರಿಗೂ ಕೊಟ್ಟಿರಿ, ಇಬ್ಬರೂ ಮಾತಾಡಿಕೊಳ್ಳಲಿ. ಧನುರ್ವಾಯು ಲಸಿಕೆಯನ್ನು ಮರಿ ಹಾಕುವ ನಾಲ್ಕರಿಂದ ಆರು ವಾರ ಮುಂಚೆ ಕೊಡಿಸಬೇಕು. ರೇಸಿನಿಂದ ಬಂದ ಬಹಳ ಕುದುರೆಗಳಿಗೆ ಯೋನಿಯ ಮೇಲ್ಭಾಗಕ್ಕೆ ಹೊಲಿಗೆ ಹಾಕಿರುತ್ತಾರೆ. ಹೆರಿಗೆಗೆ ಎರಡು-ಮೂರು ವಾರ ಮುಂಚೆ ಅದನ್ನು ಬಿಡಿಸದಿದ್ದರೆ ಮರಿ ಬರುವಾಗ ಹರಿದುಹೋಗುತ್ತದೆ. ಇದನ್ನು ಕೇಳಿ ನೋಡಿ. ಹೊಸಬರು ಕೇಳುವುದೇ ಇಲ್ಲ.

ಯಾವಾಗ ಹಾಕುತ್ತದೆ?

ಎರಡು-ಮೂರು ವಾರ ಮುಂಚೆ ಕೆಚ್ಚಲು ತುಂಬಲು ಶುರು. ಬಾಲದ ಬುಡದ ಎರಡೂ ಕಡೆಯ ಮಾಂಸ ಸಡಿಲವಾಗಿ, ಬೆರಳಿಟ್ಟರೆ ಒಳಗೆ ಹೋಗುತ್ತದೆ. ಕೊನೆಯ ಒಂದೆರಡು ದಿನದಲ್ಲಿ ಎರಡೂ ಮೊಲೆಯ ತುದಿಯಲ್ಲಿ ಜೇನುಮೇಣದ ಹನಿಯಂತೆ ಹಳದಿ ಕಟ್ಟುತ್ತದೆ. ಮೇಣ ಕಟ್ಟಿದ ರಾತ್ರಿಯಿಂದ ನಿದ್ದೆ ಬಿಡಬೇಕು. ಕೆಲವು ಕುದುರೆಗಳು ಮೇಣ ತೋರಿಸದೆ ಮರಿ ಹಾಕುವುದೂ ಉಂಟು. ಹಾಲು ತಾನಾಗಿ ಸುರಿದು ಹೋಗುತ್ತಿದ್ದರೆ ಡಾಕ್ಟರಿಗೆ ಹೇಳಿ; ಹೋಗುತ್ತಿರುವುದು ಗಿಣ್ಣು.

ಕುದುರೆ ಮರಿ ಹಾಕುವುದು ಹೆಚ್ಚಾಗಿ ರಾತ್ರಿಯೇ. ಯಾರೂ ಇಲ್ಲದ ಹೊತ್ತು ನೋಡಿ ಹಾಕುತ್ತದೆ. ನೀವು ಚಹಾ ಕುಡಿಯಲು ಒಳಗೆ ಹೋದದ್ದೇ ತಡ, ಅಷ್ಟರಲ್ಲೇ ಮುಗಿಸಿರುತ್ತದೆ. ಬೆಳಗಿನ ತನಕ ಯಕ್ಷಗಾನದ ಆಟ ನೋಡಿ ಅಭ್ಯಾಸ ಇರುವ ನಮ್ಮ ಜಿಲ್ಲೆಯವರಿಗೆ ರಾತ್ರಿ ಕಾಯುವುದು ಕಷ್ಟವಲ್ಲ. ಆದರೆ ಇಲ್ಲಿ ಚಂಡೆ ಇಲ್ಲ, ಮಾತೂ ಇಲ್ಲ. ಕಿಟಕಿಯಿಂದ, ಮಂದ ಬೆಳಕಿನಲ್ಲಿ, ಸುಮ್ನೆ ನೋಡಬೇಕು.

ಆ ಅರ್ಧ ಗಂಟೆ

ಮೊದಲು ಕುದುರೆ ಚಡಪಡಿಸುತ್ತದೆ. ಮೇವು ಬಿಡುತ್ತದೆ, ತಿರುಗಿ ಹೊಟ್ಟೆ ನೋಡುತ್ತದೆ, ಮಲಗಿ ಏಳುತ್ತದೆ, ಕುತ್ತಿಗೆ ಮತ್ತು ಪಕ್ಕೆ ಬೆವರುತ್ತದೆ. ಇದು ಒಂದು ಗಂಟೆಯಿಂದ ನಾಲ್ಕು ಗಂಟೆ ನಡೆಯಬಹುದು. ಡಾಕ್ಟರಿಗೆ ಫೋನ್ ಮಾಡುವುದು ಈಗ. ನೀರು ಒಡೆದ ಮೇಲೆ ಮಾಡಿದರೆ ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಬಾಲಕ್ಕೆ ಬಟ್ಟೆ ಸುತ್ತಿ, ಹಿಂಭಾಗ ತೊಳೆದು, ಹೊರಗೆ ಬನ್ನಿ.

ನೀರು ಒಡೆಯುತ್ತದೆ. ಬಕೆಟ್ ಮಗುಚಿದಷ್ಟು. ಗಡಿಯಾರ ನೋಡಿ ಬರೆದಿಡಿ. ಹಸುವಿನಂತೆ ಗಂಟೆಗಟ್ಟಲೆ ಎಳೆಯುವ ಹೆರಿಗೆ ಅಲ್ಲ ಇದು. ಇಪ್ಪತ್ತು, ಮೂವತ್ತು ನಿಮಿಷದಲ್ಲಿ ಮರಿ ಹೊರಗಿರಬೇಕು. ಐದು ನಿಮಿಷದೊಳಗೆ ಬಿಳಿ, ನೀಲಿ ಬಣ್ಣದ ತೆಳು ಪೊರೆ ಕಾಣುತ್ತದೆ. ಒಳಗೆ ಒಂದು ಮುಂಗಾಲು, ಅದಕ್ಕಿಂತ ನಾಲ್ಕು ಬೆರಳು ಹಿಂದೆ ಇನ್ನೊಂದು, ಎರಡರ ಅಡಿಯೂ ನೆಲದ ಕಡೆ. ಆಮೇಲೆ ಮಂಡಿಯ ಮೇಲೆ ಒರಗಿದ ಮೂತಿ. ಒಂದು ಕಾಲು ಹಿಂದಿರುವುದು ತಪ್ಪಲ್ಲ, ಭುಜ ದಾಟಲು ಅದೇ ಅನುಕೂಲ. ಇಷ್ಟು ಸರಿ ಇದ್ದರೆ ನಿಮ್ಮ ಕೈ ಜೇಬಿನಲ್ಲೇ ಇರಲಿ.

ಕೈ ಹಾಕಬೇಕಾದ ಸಂದರ್ಭ ಒಂದಿದೆ. ಬಿಳಿ ಪೊರೆಯ ಬದಲು ಕೆಂಪು, ಮಖಮಲ್ಲಿನಂಥ ಚೀಲ ಮೊದಲು ಕಂಡರೆ ಮಾಸು, ಅಂದರೆ ಕಸ, ಮುಂಚೆಯೇ ಕಳಚಿಕೊಂಡಿದೆ. ಒಳಗೆ ಮರಿಗೆ ಉಸಿರು ಸಿಗುತ್ತಿಲ್ಲ. ಡಾಕ್ಟರನ್ನು ಕಾಯಬೇಡಿ. ಆ ಕೆಂಪು ಚೀಲವನ್ನು ಕತ್ತರಿಯಿಂದ ತಕ್ಷಣ ಹರಿದು, ಒಳಗಿನ ಬಿಳಿ ಪೊರೆ ಬಿಡಿಸಿ, ತಾಯಿ ತಿಣುಕಿದಾಗೆಲ್ಲ ಮರಿಯ ಮುಂಗಾಲು ಹಿಡಿದು ಕೆಳಮುಖವಾಗಿ ಎಳೆಯಬೇಕು. ಇದನ್ನು ಓದಿ ಮರೆಯಬೇಡಿ, ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ.

ಒಂದೇ ಕಾಲು ಬಂದರೆ, ಗೊರಸಿನ ಅಡಿ ಮೇಲ್ಮುಖವಾಗಿದ್ದರೆ, ಮೂತಿ ಕಾಣದಿದ್ದರೆ, ನೀರು ಒಡೆದು ಹದಿನೈದು ನಿಮಿಷವಾದರೂ ಏನೂ ಮುಂದುವರಿಯದಿದ್ದರೆ ಡಾಕ್ಟರು ಬೇಕೇ ಬೇಕು. ಅವರು ಬರುವ ತನಕ ಕುದುರೆಯನ್ನು ಎಬ್ಬಿಸಿ ನಿಧಾನವಾಗಿ ನಡೆಸಿ. ಅಕ್ಕಪಕ್ಕದವರು ಬಂದು ‘ಹಗ್ಗ ಕಟ್ಟಿ ಎಳೆಯೋಣ’ ಅಂದರೆ ಅವರಿಗೆ ಚಹಾ ಕೊಟ್ಟು ಕೂರಿಸಿ.

ಮರಿ ಬಿದ್ದ ಮೇಲೆ ಮೂಗಿನ ಮೇಲಿನ ಪೊರೆ ಸರಿದಿದೆಯಾ, ಉಸಿರಾಡುತ್ತಿದೆಯಾ ಅಷ್ಟು ನೋಡಿ. ಹೊಕ್ಕುಳ ಬಳ್ಳಿ ಕತ್ತರಿಸಬೇಡಿ. ತಾಯಿ ಎದ್ದಾಗ ಅಥವಾ ಮರಿ ಒದ್ದಾಡಿದಾಗ ಅದು ತನ್ನ ಜಾಗದಲ್ಲಿ ತಾನೇ ಹರಿಯುತ್ತದೆ.

ಇದು ನೋಡುವ ಹೊತ್ತು. ಥರೋಬ್ರೆಡ್ ಮರಿ 50 ಕಿಲೋ ಆಸುಪಾಸು ಇರುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಕಾಲೇ ಅನಿಸುತ್ತದೆ. ಗೊರಸು ನೋಡಿ: ಅಡಿಯ ತುಂಬ ಹಳದಿ ಬಿಳುಪಿನ ಮೆತ್ತನೆ ಬೆರಳುಗಳು ಇಳಿಬಿದ್ದಿರುತ್ತವೆ. ಹನ್ನೊಂದು ತಿಂಗಳು ತಾಯಿಯ ಗರ್ಭಕ್ಕೆ ಗೊರಸು ಚುಚ್ಚದಂತೆ ಕಾದದ್ದು ಅದು. ಮರಿ ನಿಂತು ನಡೆದಾಡಿದರೆ ಸವೆದು, ಒಣಗಿ ಹೋಗುತ್ತದೆ. ಕಿವಿ ಇನ್ನೂ ಒದ್ದೆಯಾಗಿ ಕುತ್ತಿಗೆಗೆ ಅಂಟಿಕೊಂಡಿರುತ್ತದೆ. ತಾಯಿ ತಿರುಗಿ, ಬಾಯಿ ತೆರೆಯದೆ, ಗಂಟಲಲ್ಲೇ ಗುರುಗುಟ್ಟಿದ ಹಾಗೆ ಒಂದು ಸದ್ದು ಮಾಡುತ್ತದೆ. ಮೇವು ಹಿಡಿದುಕೊಂಡು ಹೋದಾಗ ನಿಮ್ಮನ್ನು ನೋಡಿ ಮಾಡುವ ಸದ್ದಿಗಿಂತ ಎಷ್ಟೋ ತಗ್ಗಿನ ದನಿ. ಮರಿ ಕಿವಿ ಎತ್ತುತ್ತದೆ.

ಒಂದು, ಎರಡು, ಮೂರು

ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು. ಎರಡು ಗಂಟೆಯೊಳಗೆ ಮೊಲೆ ಕುಡಿಯಬೇಕು. ಮೂರು ಗಂಟೆಯೊಳಗೆ ತಾಯಿಗೆ ಮಾಸು ಬೀಳಬೇಕು. ಸ್ಟಡ್ ಫಾರ್ಮಿನ ಹುಡುಗರಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದೇ. ಯಾವುದು ತಪ್ಪಿದರೂ ಡಾಕ್ಟರಿಗೆ ಫೋನ್.

ನಿಲ್ಲಲು ಹೋಗಿ ಬೀಳುವುದನ್ನು ನೋಡಿ ಎತ್ತಿ ಹಿಡಿಯುವ ಆಸೆಯಾಗುತ್ತದೆ. ಬೇಡ. ಬಿದ್ದೇ ಕಲಿಯಬೇಕು. ಮೊಲೆ ಹುಡುಕುತ್ತಾ ಗೋಡೆ ನೆಕ್ಕುತ್ತದೆ, ತಾಯಿಯ ಮುಂಗಾಲಿನ ಸಂದಿಯಲ್ಲಿ ಚಪ್ಪರಿಸುತ್ತದೆ. ಕೊನೆಗೆ ನಾಲಿಗೆ ಮಡಿಸಿ ಮೊಲೆ ಹಿಡಿದಾಗ ಬಾಲ ಪಟಪಟ ಅಲ್ಲಾಡುತ್ತದೆ. ಈ ನಡುವೆ ಹೊಕ್ಕುಳ ತುದಿಯನ್ನು ತೆಳು ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಅದ್ದಿ. ಮುಂದೆ ಎರಡು ಮೂರು ದಿನ, ದಿನಕ್ಕೆ ಮೂರು ನಾಲ್ಕು ಸಲ. ಗಾಢ ಅಯೋಡಿನ್ ಹಾಕಿದರೆ ಚರ್ಮ ಸುಡುತ್ತದೆ. ಅರಿಶಿನ, ಸಗಣಿ ಬೂದಿ ಯಾವುದೂ ಬೇಡ.

ಹಸು ಈದರೆ ಮನೆಯಲ್ಲಿ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಹಂಚುತ್ತೇವೆ. ಕುದುರೆಯ ಗಿಣ್ಣುಹಾಲಿನಲ್ಲಿ ಒಂದು ಹನಿಯೂ ಬೇರೆಯವರಿಗಿಲ್ಲ. ಗರ್ಭದಲ್ಲಿದ್ದಾಗ ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ದಾಟುವುದಿಲ್ಲ. ಅದು ಬರುವುದು ಗಿಣ್ಣಿನಲ್ಲೇ. ಮೊದಲ ಆರು ಗಂಟೆ ಮರಿಯ ಕರುಳು ಅದನ್ನು ಚೆನ್ನಾಗಿ ಹೀರುತ್ತದೆ, ದಿನ ಕಳೆಯುವಷ್ಟರಲ್ಲಿ ಆ ಬಾಗಿಲು ಮುಚ್ಚುತ್ತದೆ. ಮರಿಗೆ ನಿಲ್ಲಲಾಗದಿದ್ದರೆ ಗಿಣ್ಣು ಕರೆದು ಇಟ್ಟುಕೊಳ್ಳಿ, ಕುಡಿಸುವ ಬಗೆಯನ್ನು ಡಾಕ್ಟರು ಹೇಳಲಿ. ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮರುದಿನ ಮರಿಯ ರಕ್ತದಲ್ಲಿ ಐಜಿಜಿ, ಅಂದರೆ ಗಿಣ್ಣಿನಿಂದ ಬಂದ ರೋಗನಿರೋಧಕ ಅಂಶ, ಎಷ್ಟಿದೆ ಅಂತ ನೋಡಿಸಿ. ಡೆಸಿಲೀಟರಿಗೆ 800 ಮಿಲಿಗ್ರಾಮಿಗಿಂತ ಹೆಚ್ಚಿದ್ದರೆ ನೆಮ್ಮದಿ. ಕಡಿಮೆ ಇದ್ದರೆ ಪ್ಲಾಸ್ಮಾ ಕೊಡಿಸಬೇಕಾಗುತ್ತದೆ.

ಜೋತುಬಿದ್ದ ಮಾಸನ್ನು ಎಳೆಯಬೇಡಿ, ಅದಕ್ಕೆ ಕಲ್ಲು ಕಟ್ಟಬೇಡಿ. ಕುದುರೆ ತುಳಿಯದಂತೆ ಗಂಟು ಹಾಕಿ ಮೇಲೆ ಕಟ್ಟಿ. ಬಿದ್ದ ಮೇಲೆ ನೀರಿರುವ ಬಕೆಟ್ಟಿನಲ್ಲಿ ಮುಚ್ಚಿಡಿ, ನಾಯಿಗೆ ಸಿಗಬಾರದು. ಪೂರ್ತಿ ಬಂದಿದೆಯಾ ಅಂತ ಡಾಕ್ಟರು ಹರಡಿ ನೋಡಬೇಕು. ಸಣ್ಣ ಚೂರು ಒಳಗೆ ಉಳಿದರೂ ಕುದುರೆಗೆ ಜ್ವರ ಬಂದು, ಗೊರಸಿಗೂ ಉರಿಯೂತ ಇಳಿದು, ಜೀವಕ್ಕೇ ಕುತ್ತು. ಹಸು ಎರಡು ದಿನ ಕಸ ಹಾಕದೆ ಇದ್ದರೂ ನಡೆಯುತ್ತದೆ ಅನ್ನುವ ಧೈರ್ಯ ಇಲ್ಲಿ ಬೇಡ.

ಮರಿಯ ಮೊದಲ ಲದ್ದಿ ಕಪ್ಪಗೆ, ಗಟ್ಟಿಯಾಗಿರುತ್ತದೆ. ಅರ್ಧ ದಿನವಾದರೂ ಬರದೆ, ಬಾಲ ಎತ್ತಿ ತಿಣುಕುತ್ತಿದ್ದರೆ ಡಾಕ್ಟರನ್ನು ಕೇಳಿ ಎನಿಮಾ ಕೊಡಿ. ಗಂಡು ಮರಿಗಳಲ್ಲಿ ಈ ತೊಂದರೆ ಜಾಸ್ತಿ.

ಮೊದಲ ವಾರಗಳು, ಮೊದಲ ಮಳೆ

ಮರಿ ಆರೋಗ್ಯವಾಗಿದೆಯಾ ಅನ್ನುವುದಕ್ಕೆ ನಾನು ಮೊದಲು ನೋಡುವುದು ತಾಯಿಯ ಕೆಚ್ಚಲು. ಮರಿ ಗಂಟೆಗೆ ಹಲವು ಸಲ ಕುಡಿಯುತ್ತದೆ, ಹಾಗಾಗಿ ಕೆಚ್ಚಲು ಬಿಗಿಯಾಗಿರುವುದೇ ಇಲ್ಲ. ಕೆಚ್ಚಲು ತುಂಬಿ, ಹಾಲು ತೊಟ್ಟಿಕ್ಕಿ, ಮರಿಯ ಹಣೆಯ ಮೇಲೆ ಹಾಲು ಒಣಗಿದ ಕಲೆ ಇದೆ ಅಂದರೆ ಮರಿ ಮೊಲೆಯ ಕೆಳಗೆ ನಿಂತಿದೆ, ಕುಡಿಯುತ್ತಿಲ್ಲ. ಬೇರೆ ಯಾವ ಲಕ್ಷಣಕ್ಕೂ ಕಾಯಬೇಡಿ. ಎಳೆ ಮರಿ ಬೆಳಿಗ್ಗೆ ಸಪ್ಪಗಾದರೆ ಸಂಜೆಗೆ ಕೈಮೀರುತ್ತದೆ.

ವಾರ, ಹತ್ತು ದಿನಕ್ಕೆ ಮರಿಗೆ ಸ್ವಲ್ಪ ಭೇದಿ ಆಗುವುದು ಸಾಮಾನ್ಯ. ತಾಯಿ ಅದೇ ಹೊತ್ತಿಗೆ ಮತ್ತೆ ಬೆದೆಗೆ ಬರುತ್ತದೆ. ಚುರುಕಾಗಿದ್ದು ಕುಡಿಯುತ್ತಿದ್ದರೆ ಹಿಂಭಾಗ ತೊಳೆದು ಒರೆಸಿ, ಅಷ್ಟೇ. ತಾಯಿಯ ಲದ್ದಿ ತಿನ್ನುವುದೂ ಮಾಮೂಲಿ, ಹೆದರಬೇಡಿ. ಎರಡನೇ ದಿನದಿಂದ ಒಣ ಅಂಗಳದಲ್ಲಿ ಒಂದೆರಡು ಗಂಟೆ ಬಿಡಿ. ಎಳೆ ಬಿಸಿಲಿನಲ್ಲಿ ತಾಯಿಯ ಸುತ್ತ ಸುತ್ತಿ, ಇದ್ದಕ್ಕಿದ್ದಂತೆ ಕಾಲು ಕಿತ್ತು ಓಡಿ, ತನ್ನ ಓಟಕ್ಕೆ ತಾನೇ ಹೆದರಿ ವಾಪಸ್ ಬರುತ್ತದೆ. ಮನೆಮಂದಿ ಕೆಲಸ ಬಿಟ್ಟು ನೋಡುತ್ತಾರೆ. ಅಡಕೆ ಸುಲಿಯುವವರ ಕೂಲಿ ಲೆಕ್ಕ ಅವತ್ತು ತಪ್ಪುತ್ತದೆ. ದಿನಾ ಐದು ನಿಮಿಷ ಮೈ ಮುಟ್ಟಿ, ಕಾಲು ಎತ್ತಿ ಅಭ್ಯಾಸ ಮಾಡಿಸಿ. ಒಂದು ತಿಂಗಳಿಗೆ ಲಾಳಗಾರ ಬಂದು ಗೊರಸು ನೋಡಲಿ, ಎರಡು ತಿಂಗಳಿಗೆ ಜಂತುಹುಳದ ಔಷಧಿ.

ಮೇ ಕೊನೆಯೊಳಗೆ ಮಳೆಗಾಲದ ವ್ಯವಸ್ಥೆ ಮುಗಿಸಿ. ಮುಖ್ಯ ಬೇಕಾದದ್ದು ಮೇಲೆ ಸೂರು, ಕೆಳಗೆ ಒಣನೆಲ. ಅಡಕೆ ಒಣಗಿಸಲು ಶೀಟು ಹಾಕಿದ ಅಂಗಳ ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತದಲ್ಲ? ಸಿಮೆಂಟಿನ ಮೇಲೆ ದಪ್ಪಗೆ ಮರಳು ಹಾಕಿದರೆ ತಾಯಿ ಮರಿ ಓಡಾಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೇವು ಮಾತ್ರ ತೊಟ್ಟಿಯಲ್ಲೇ ಇರಲಿ. ದಿನಾ ಸಂಜೆ ಗೊರಸಿನ ಸಂದಿ ಕೆರೆದು ತೆಗೆಯಿರಿ. ಕಪ್ಪು ಕೀವು, ಕೊಳೆತ ವಾಸನೆ ಬಂದರೆ ನೆಲ ಒದ್ದೆ ಇದೆ ಅಂತ ಅರ್ಥ. ಬೆನ್ನ ಮೇಲೆ ಕೂದಲು ಗಂಟುಗಂಟಾಗಿ ಚಕ್ಕೆ ಏಳುತ್ತಿದ್ದರೆ ಮಳೆಯಲ್ಲಿ ನೆನೆದದ್ದು ಸಾಕು. ಕಚ್ಚುವ ದೊಡ್ಡ ನೊಣಗಳಿಂದ ಸರ್ರಾ ರೋಗ ಬರುತ್ತದೆ; ಬಿಟ್ಟು ಬಿಟ್ಟು ಜ್ವರ, ಕಾಲು ಹೊಟ್ಟೆಯಲ್ಲಿ ಬಾವು, ದಿನೇದಿನೇ ಸೊರಗುವುದು ಕಂಡರೆ ರಕ್ತಪರೀಕ್ಷೆ ಮಾಡಿಸಿ. ಉಣುಗನ್ನು ದಿನಾ ಹುಡುಕಿ ತೆಗೆಯಿರಿ, ಕೈಗವಸು ಹಾಕಿಕೊಂಡು. ಸಿದ್ದಾಪುರದ ಕಡೆ ಮಂಗನ ಕಾಯಿಲೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರಿಗೆ ತಾಯಿ ಹಾಲು ಬಿಡಿಸುವುದು ನಾಲ್ಕರಿಂದ ಆರು ತಿಂಗಳಿಗೆ. ಜನವರಿ ಮರಿಯಾದರೆ ಮಳೆ ಹಿಡಿಯುವ ಮುಂಚೆ ಬಿಡಿಸಬಹುದು. ಫೆಬ್ರವರಿ, ಮಾರ್ಚಿನದಾದರೆ ನಾನು ಆಗಸ್ಟ್ ಕೊನೆಯ ತನಕ ಕಾಯುತ್ತೇನೆ. ಆಷಾಢದ ಮಳೆಯಲ್ಲಿ ತಾಯಿಯಿಂದಲೂ ದೂರ ಮಾಡಿ, ಒಳಗೂ ಕಟ್ಟಿಹಾಕಿದರೆ ಮರಿ ಸೊರಗುತ್ತದೆ. ಜೊತೆಗೆ ಇನ್ನೊಂದು ಮರಿ ಇಲ್ಲದಿದ್ದರೆ ಒಂದು ವಯಸ್ಸಾದ, ಸಾಧು ಕುದುರೆ ಇರಲಿ. ಅದೂ ಇಲ್ಲವೆಂದರೆ ಮೇಕೆಯಾದರೂ ಆದೀತು.

ಕಾಗದ, ಹೆಸರು

ಮರಿ ಹುಟ್ಟಿದ ಕೂಡಲೇ ಸ್ಟಡ್ ಬುಕ್ಕಿಗೆ ತಿಳಿಸಬೇಕು. ತಾಯಿ ತಂದೆ ಇವೇ ಅಂತ ಡಿಎನ್‌ಎ ಪರೀಕ್ಷೆಯಲ್ಲಿ ಸಾಬೀತಾಗಬೇಕು. ಹಣೆಯ ಚುಕ್ಕೆ, ಕಾಲಿನ ಬಿಳಿ, ಕೂದಲಿನ ಸುಳಿ ಎಲ್ಲವನ್ನೂ ಚಿತ್ರದಲ್ಲಿ ಗುರುತಿಸಬೇಕು. ಗಡುವು ದಾಟಿಸಬೇಡಿ, ಗಂಡು ಕುದುರೆಯ ಫಾರ್ಮಿನಿಂದ ಕೂಡಿಸಿದ ಸರ್ಟಿಫಿಕೇಟನ್ನು ಮೊದಲೇ ತೆಗೆದಿಟ್ಟುಕೊಳ್ಳಿ.

ಹೆಸರಿಗೂ ಕಟ್ಟಳೆ ಇದೆ. ಇಂಗ್ಲಿಷಿನಲ್ಲಿ ಬರೆದಾಗ ನಡುವಿನ ಜಾಗ ಸೇರಿ 18 ಅಕ್ಷರ ಮೀರಬಾರದು, ಹೆಸರಾದ ಕುದುರೆಯ ಹೆಸರನ್ನು ಮತ್ತೆ ಇಡಬಾರದು. ಅಘನಾಶಿನಿ ಅಂದರೆ 11 ಅಕ್ಷರ, ಗಂಗಾವಳಿ ಅಂದರೆ 9. ಎರಡೂ ಸಲೀಸಾಗಿ ಹಿಡಿಸುತ್ತವೆ. ಮೈಕಿನಲ್ಲಿ ಓಟದ ವಿವರ ಹೇಳುವವರ ನಾಲಿಗೆ ‘ಅಘನಾಶಿನಿ’ಯಲ್ಲಿ ತೊಡರಿದರೆ ಅದು ಅವರ ಪಾಡು.